ಲ್ಯಾಬ್ ಪರೀಕ್ಷೆ ಹತ್ತಿರ ಬಂತು: ನಿಮ್ಮ ಪ್ರಶ್ನೆ, ಮೇಡಂ ಉತ್ತರ

ಪಿಯು ಪ್ರಾಕ್ಟಿಕಲ್ ಹತ್ತಿರ ಬರುತ್ತಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಲ್ಯಾಬ್‌ನದೇ ಗೋಳು. ಹಾಗಾಗಿ ಸ್ಕಾಲರ್‌ಶಿಪ್, ಅಡ್ಮಿಷನ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಕಳಿಸಿದವರು ಬೇಸರ ಮಾಡಿಕೊಳ್ಳಬೇಡಿ.

ಹೊಸ ಓದುಗರಿಗೆ ಒಂದು ಮಾತು. ನಾನು ಕೆಮಿಸ್ಟ್ರಿಯವಳು. ದಕ್ಷಿಣ ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡಿ ರಿಟೈರ್ ಆದವಳು. ಫಿಸಿಕ್ಸ್ ಪ್ರಶ್ನೆ ಬಂದರೆ, ಬ್ಯೂಗಲ್ ರಾಕ್ ಪಾರ್ಕಿಗೆ ನನ್ನ ಜೊತೆ ವಾಕಿಂಗ್ ಬರುವ ಹಳೆಯ ಸಹೋದ್ಯೋಗಿಯನ್ನು ಕೇಳುತ್ತೇನೆ. ಯಾರಾದರೂ ಡೌಟ್ ಕೇಳಲಿ ಎಂದು ಅವರು ಈಗಲೂ ಕಾಯುತ್ತಿರುತ್ತಾರೆ!

ಪ್ರಶ್ನೆ: ಪೊಟ್ಯಾಸಿಯಂ ಪರ್ಮಾಂಗನೇಟ್, ಆಕ್ಸಾಲಿಕ್ ಆಸಿಡ್ ಟೈಟ್ರೇಷನ್‌ನಲ್ಲಿ ನನಗೆ ಎರಡು ಸಲ ಒಂದೇ ರೀಡಿಂಗ್ ಬಂದಿದ್ದೇ ಇಲ್ಲ. ಕಳೆದ ವಾರ 12.3, 12.9, 12.0 ಬಂತು. ಪಕ್ಕದವಳು "ಮೂರೂ ಸಲ 12.4 ಅಂತ ಬರಿ, ಯಾರು ನೋಡ್ತಾರೆ" ಅಂದಳು. ಪರೀಕ್ಷೆಯಲ್ಲಿ ಹಾಗೆ ಬರೆದರೆ ಗೊತ್ತಾಗುತ್ತಾ ಮೇಡಂ?
ದ್ವಿತೀಯ ಪಿಯು ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಗೊತ್ತಾಗುತ್ತದೆ ಕಣಮ್ಮ. ಪರೀಕ್ಷೆಯ ದಿನ ನೀವು ಲ್ಯಾಬ್ ಒಳಗೆ ಬರುವ ಮೊದಲೇ ಪರೀಕ್ಷಕರಾದ ನಾವು ಅದೇ ದ್ರಾವಣವನ್ನು ಟೈಟ್ರೇಟ್ ಮಾಡಿ (ಅಂದರೆ ಒಂದು ದ್ರಾವಣವನ್ನು ಇನ್ನೊಂದಕ್ಕೆ ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ಬಿಟ್ಟು, ಎಷ್ಟು ಬೇಕಾಯಿತೆಂದು ಅಳೆದು), ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿರುತ್ತೇವೆ. ಅವತ್ತಿನ ದ್ರಾವಣಕ್ಕೆ 10.8 ಬರಬೇಕು ಎಂದಿಟ್ಟುಕೋ. ನಿನ್ನ ಪಕ್ಕದವಳು ಮೂರು ಸಲ 12.4 ಬರೆದಿರುತ್ತಾಳೆ. ಅವಳ ಹಾಳೆ ನೋಡಿದ ತಕ್ಷಣ, ಇವಳು ಬ್ಯುರೆಟ್ (ಕೆಳಗೆ ನಲ್ಲಿ, ಮೈಮೇಲೆ ಅಳತೆ ಗೆರೆ ಇರುವ ಗಾಜಿನ ಕೊಳವೆ) ನೋಡಿಲ್ಲ ಅಂತ ತಿಳಿಯುತ್ತದೆ. ಅದೇ 10.9, 10.8, 10.8 ಬರೆದ ಹುಡುಗಿಯ ಮೇಲೆ ನಮಗೆ ನಂಬಿಕೆ ಜಾಸ್ತಿ. 0.1 ಹೆಚ್ಚುಕಡಿಮೆ ಆಗುವುದು ಸಹಜ. ಬ್ಯುರೆಟ್‌ನ ಸಣ್ಣ ಗೆರೆಯೇ 0.1 ಮಿಲಿ ಲೀಟರ್.

ಆದರೆ ನಿನ್ನ ಅಂಕಿಗಳಲ್ಲಿ 0.9ರಷ್ಟು ಅಂತರ ಇದೆ. ಅದು ಸಹಜ ಅಲ್ಲ, ಎಲ್ಲೋ ಒಂದು ಕಡೆ ಕೈ ತಪ್ಪುತ್ತಿದೆ. ಹುಡುಕೋಣ.

ಮೊದಲು ಫನೆಲ್. ದ್ರಾವಣ ತುಂಬಿದ ಮೇಲೆ ಫನೆಲನ್ನು ಬ್ಯುರೆಟ್ ಮೇಲೇ ಬಿಟ್ಟಿರುತ್ತೀಯಾ? ಅದರಲ್ಲಿ ಉಳಿದ ಹನಿ ನಡುವೆ ಯಾವಾಗಲೋ ಕೆಳಗೆ ಬೀಳುತ್ತದೆ, ರೀಡಿಂಗ್ ಕೆಡುತ್ತದೆ. ತೆಗೆದಿಡು. ಆಮೇಲೆ ನಲ್ಲಿಯ ಕೆಳಗಿನ ಮೂತಿ. ಅಲ್ಲಿ ಗಾಳಿಗುಳ್ಳೆ ಇದ್ದರೆ ಟೈಟ್ರೇಷನ್ ಮಧ್ಯೆ ಅದು ಹೊರಗೆ ಹೋಗಿ ಆ ಜಾಗಕ್ಕೆ ದ್ರಾವಣ ತುಂಬಿಕೊಳ್ಳುತ್ತದೆ. ಫ್ಲಾಸ್ಕಿಗೆ ಬೀಳದ ದ್ರಾವಣವೂ ನಿನ್ನ ಲೆಕ್ಕಕ್ಕೆ ಸೇರುತ್ತದೆ. ಶುರು ಮಾಡುವ ಮೊದಲು ನಲ್ಲಿಯನ್ನು ಒಮ್ಮೆ ಪೂರ್ತಿ ತೆರೆದು ರಭಸದಿಂದ ಸ್ವಲ್ಪ ಬಿಟ್ಟರೆ ಗುಳ್ಳೆ ಹೋಗುತ್ತದೆ.

ತೊಳೆಯುವುದರಲ್ಲಿ ತುಂಬಾ ಜನ ಎಡವುತ್ತಾರೆ. ಬ್ಯುರೆಟ್, ಪಿಪೆಟ್ (ದ್ರಾವಣವನ್ನು ಅಳೆದು ಫ್ಲಾಸ್ಕಿಗೆ ಹಾಕುವ ಕೊಳವೆ) ಎರಡನ್ನೂ ನೀರಿನಲ್ಲಿ ತೊಳೆದ ಮೇಲೆ ಅದಕ್ಕೆ ಹಾಕುವ ದ್ರಾವಣದಲ್ಲೇ ಒಮ್ಮೆ ಜಾಲಿಸಬೇಕು. ಇಲ್ಲದಿದ್ದರೆ ಒಳಗೆ ಉಳಿದ ನೀರು ದ್ರಾವಣವನ್ನು ತೆಳು ಮಾಡುತ್ತದೆ. ಕೋನಿಕಲ್ ಫ್ಲಾಸ್ಕಿಗೆ ಮಾತ್ರ ಹೀಗೆ ಮಾಡಬಾರದು, ಅದಕ್ಕೆ ಬರೀ ಡಿಸ್ಟಿಲ್ಡ್ ವಾಟರ್ ಸಾಕು. ಫ್ಲಾಸ್ಕನ್ನು ಆಕ್ಸಾಲಿಕ್ ಆಸಿಡ್‌ನಲ್ಲಿ ಜಾಲಿಸಿದರೆ ಗೋಡೆಗೆ ಅಂಟಿದ ಆಸಿಡ್ಡೂ ಪರ್ಮಾಂಗನೇಟ್ ಕುಡಿಯುತ್ತದೆ. ನಿನ್ನ 12.9 ಹೀಗೆ ಬಂದಿರಬಹುದು. ಇನ್ನು ಪಿಪೆಟ್ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಿ ಬೀಳಿಸಬೇಡ. ಆ ಹನಿ ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಪಿಪೆಟ್ ಮೇಲೆ ಗುರುತು ಹಾಕಿರುತ್ತಾರೆ. ತುದಿಯನ್ನು ಫ್ಲಾಸ್ಕ್ ಗೋಡೆಗೆ ತಾಗಿಸಿದರೆ ಸಾಕು.

ಬಿಸಿ ಮಾಡುವುದು ಇನ್ನೊಂದು. ಆಕ್ಸಾಲಿಕ್ ಆಸಿಡ್ಡಿಗೆ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಹಾಕಿ 60ರಿಂದ 70 ಡಿಗ್ರಿವರೆಗೆ ಕಾಯಿಸಬೇಕು. ಕುದಿಸಿದರೆ ಆಕ್ಸಾಲಿಕ್ ಆಸಿಡ್ಡೇ ಒಡೆದುಹೋಗುತ್ತದೆ. ಕಾಯಿಸಿದ ಮೇಲೂ ಮೊದಲ ಕೆಲವು ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ, ಗಮನಿಸಿದ್ದೀಯಾ? ಆ ಕ್ರಿಯೆಯನ್ನು ಚುರುಕು ಮಾಡುವುದು ಅದರಲ್ಲೇ ಹುಟ್ಟುವ ಮ್ಯಾಂಗನೀಸ್ ಅಯಾನು. ಅದು ಸ್ವಲ್ಪ ಹುಟ್ಟುವವರೆಗೆ ಕಾಯಬೇಕು. ತಾಳ್ಮೆ ಇಲ್ಲದವರು ಆಗಲೇ ನಲ್ಲಿ ಜಾಸ್ತಿ ಬಿಡುತ್ತಾರೆ. ಫ್ಲಾಸ್ಕ್ ಕಂದು ಬಣ್ಣಕ್ಕೆ ತಿರುಗಿ ಕೂರುತ್ತದೆ. ಸಲ್ಫ್ಯೂರಿಕ್ ಆಸಿಡ್ ಕಡಿಮೆ ಹಾಕಿದ್ದರೂ ಇದೇ ಗತಿ. ಆ ಕಂದು ವಸ್ತು ಮ್ಯಾಂಗನೀಸ್ ಡೈಆಕ್ಸೈಡ್. ಅದನ್ನು ಚೆಲ್ಲಿ ಹೊಸದಾಗಿ ಮಾಡು, ಸರಿ ಮಾಡಲು ಹೋಗಬೇಡ.

ಮೊದಲ ಟೈಟ್ರೇಷನ್ ಅಂದಾಜಿಗೆ. 11ರ ಹತ್ತಿರ ಮುಗಿಯುತ್ತದೆ ಅಂತ ಗೊತ್ತಾದರೆ ಎರಡನೆಯದರಲ್ಲಿ 10ರವರೆಗೆ ಸಲೀಸಾಗಿ ಬಿಟ್ಟು, ಆಮೇಲೆ ಹನಿ ಹನಿ. ತಿಳಿ ಗುಲಾಬಿ ಬಣ್ಣ ಬಂದು ಅಲ್ಲಾಡಿಸಿದರೂ ನಿಂತರೆ ಅಲ್ಲಿಗೆ ಮುಗಿಯಿತು. ಕಡು ಗುಲಾಬಿ ಆದರೆ ನೀನು ದಾಟಿ ಹೋಗಿದ್ದೀಯ. ಫ್ಲಾಸ್ಕ್ ಕೆಳಗೆ ಬಿಳಿ ಟೈಲ್ ಇಡು, ಟೈಲ್ ಸಿಗದಿದ್ದರೆ ಬಿಳಿ ಹಾಳೆ. ಮುಗಿದ ಫ್ಲಾಸ್ಕನ್ನು ತಕ್ಷಣ ತೊಳೆಯದೆ ಪಕ್ಕದಲ್ಲಿಟ್ಟುಕೊಂಡರೆ ಮುಂದಿನದಕ್ಕೆ ಬಣ್ಣ ಹೋಲಿಸಲು ಆಗುತ್ತದೆ. ಈ ಒಂದು ಉಪಾಯದಿಂದಲೇ ಎಷ್ಟೋ ಮಕ್ಕಳ ರೀಡಿಂಗ್ ಸರಿಹೋಗಿದ್ದನ್ನು ನೋಡಿದ್ದೇನೆ.

ಪರ್ಮಾಂಗನೇಟ್ ಕಡು ಬಣ್ಣದ ದ್ರಾವಣ, ಬ್ಯುರೆಟ್ ಒಳಗೆ ಅದರ ಬಾಗಿದ ಮೇಲ್ಮೈಯ ಕೆಳ ಅಂಚು ಕಾಣುವುದಿಲ್ಲ. ಅದಕ್ಕೇ ಮೇಲಿನ ಅಂಚನ್ನು ಓದಬೇಕು. ಮೂರು ಸಲವೂ ಮೇಲಿನದನ್ನೇ ಓದು, ಕಣ್ಣು ಗೆರೆಯ ಸಮಕ್ಕೆ ಇರಲಿ. ಕುಳ್ಳಗಿರುವವರು ಬ್ಯುರೆಟ್ಟನ್ನು ಸ್ಟ್ಯಾಂಡಿನಲ್ಲಿ ಕೆಳಗಿಳಿಸಿಕೊಳ್ಳಿ, ಸಂಕೋಚ ಬೇಡ. ನಾನೂ ಹಾಗೇ ಮಾಡುತ್ತಿದ್ದೆ.

ಪರೀಕ್ಷೆಯಲ್ಲಿ ಆಕ್ಸಾಲಿಕ್ ಆಸಿಡ್ ಬದಲು ಮೋರ್ಸ್ ಸಾಲ್ಟ್ (ಕಬ್ಬಿಣದ ಒಂದು ಲವಣ) ಬಂದರೆ ಬಿಸಿ ಮಾಡಬೇಡ. ಕಾಯಿಸಿದರೆ ಅದರ ಫೆರಸ್ ಗಾಳಿಯಲ್ಲೇ ಫೆರಿಕ್ ಆಗತೊಡಗುತ್ತದೆ. ಅಭ್ಯಾಸಬಲದಿಂದ ಬರ್ನರ್ ಹಚ್ಚುವವರು ಪ್ರತಿ ವರ್ಷ ಇರುತ್ತಾರೆ.

ಪ್ರಶ್ನೆ: ನಮ್ಮ ಲ್ಯಾಬ್‌ನಲ್ಲಿ ಕೊಟ್ಟ ಸಾಲ್ಟ್ ಯಾವುದೆಂದು ಪತ್ತೆ ಮಾಡುವಾಗ, ಯಾವ ಸಾಲ್ಟ್ ಕೊಟ್ಟರೂ ನನಗೆ ಕ್ಲೋರೈಡ್ ಬರುತ್ತದೆ! ಮೊನ್ನೆ ಸ್ಟ್ರಾನ್ಷಿಯಂ ನೈಟ್ರೇಟ್ ಇತ್ತಂತೆ. ಸಿಲ್ವರ್ ನೈಟ್ರೇಟ್ ಹಾಕಿದರೆ ಬೆಳ್ಳಗಾಯಿತು, ಕ್ಲೋರೈಡ್ ಅಂತ ಬರೆದೆ. ಸರ್ ಬೈದರು. ಕಂಡಿದ್ದನ್ನೇ ಬರೆದಿದ್ದು ತಪ್ಪಾ?
ವಿದ್ಯಾರ್ಥಿ, ಯಲಹಂಕ

ಉತ್ತರ: ಕಂಡಿದ್ದನ್ನು ಬರೆದಿದ್ದು ತಪ್ಪಲ್ಲಪ್ಪ. ಆದರೆ ನೀನು ನೋಡಿದ್ದು ಸಾಲ್ಟನ್ನೋ ನೀರನ್ನೋ?

ಸಾಲ್ಟನ್ನು ಯಾವ ನೀರಿನಲ್ಲಿ ಕರಗಿಸಿದೆ? ಸಿಂಕಿನ ನಲ್ಲಿಯಿಂದ ಹಿಡಿದಿದ್ದರೆ ಉತ್ತರ ಅಲ್ಲೇ ಇದೆ. ಬೆಂಗಳೂರಿನಲ್ಲಿ ಎಷ್ಟೋ ಕಾಲೇಜುಗಳ ಓವರ್‌ಹೆಡ್ ಟ್ಯಾಂಕಿಗೆ ಬೋರ್‌ವೆಲ್ ನೀರು ಹೋಗುತ್ತದೆ. ಗಡಸು ನೀರು. ನಿಮ್ಮ ಮನೆಯ ಬಕೆಟ್, ಗೀಸರ್ ನೋಡಿದರೆ ಗೊತ್ತಾಗುತ್ತದಲ್ವಾ, ಬಿಳಿ ಪದರ ಕಟ್ಟಿರುತ್ತದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಸಲ್ಫೇಟ್ ಎಲ್ಲ ಇರುತ್ತವೆ. ಸಿಲ್ವರ್ ನೈಟ್ರೇಟ್ ಹಾಕಿದರೆ ಸಾಲ್ಟ್ ಇರಲಿ ಬಿಡಲಿ, ನೀರೇ ಬೆಳ್ಳಗಾಗುತ್ತದೆ. ಕಾವೇರಿ ನೀರು ಬರುವ ಕಡೆ ಇದು ಕಡಿಮೆ, ಆದರೆ ಅದರಲ್ಲೂ ಕ್ಲೋರೈಡ್ ಇದ್ದೇ ಇರುತ್ತದೆ.

ಇನ್ನೊಂದು ಅಪಾಯ ಇದೆ. ಮೆಗ್ನೀಸಿಯಂ ಸಾಲ್ಟ್ ಕೊಟ್ಟಿರುತ್ತಾರೆ, ಐದನೇ ಗುಂಪಿನಲ್ಲಿ (ಸಾಲ್ಟಿನ ಲೋಹವನ್ನು ಗುಂಪು ಗುಂಪಾಗಿ, ಕ್ರಮವಾಗಿ ಹುಡುಕುತ್ತಾರೆ) ಅಮೋನಿಯಂ ಕಾರ್ಬೋನೇಟ್ ಹಾಕಿದಾಗ ನೀರಿನ ಕ್ಯಾಲ್ಸಿಯಂನಿಂದಲೇ ಮಬ್ಬು ಬರುತ್ತದೆ. ಹುಡುಗ ಅಲ್ಲೇ ನಿಂತು ಕ್ಯಾಲ್ಸಿಯಂ ಹಿಂದೆ ಬೀಳುತ್ತಾನೆ. ಮೆಗ್ನೀಸಿಯಂ ಇರುವ ಆರನೇ ಗುಂಪಿಗೆ ಹೋಗುವುದೇ ಇಲ್ಲ.

ಪರಿಹಾರ ಸುಲಭ. ಒಂದು ಟೆಸ್ಟ್ ಟ್ಯೂಬಿನಲ್ಲಿ ಸಾಲ್ಟ್ ಇಲ್ಲದೆ ಬರೀ ಅದೇ ನೀರು ತೆಗೆದುಕೊಂಡು ಅದೇ ಹನಿಗಳನ್ನು ಹಾಕಿ ನೋಡು. ಇದಕ್ಕೆ ಬ್ಲ್ಯಾಂಕ್ ಟೆಸ್ಟ್ ಅನ್ನುತ್ತಾರೆ, ಅರ್ಧ ನಿಮಿಷ ಸಾಕು. ಅಲ್ಲೂ ಬೆಳ್ಳಗಾದರೆ ನೀರಿನ ಆಟ. ಅಟೆಂಡರ್ ಹತ್ತಿರ ಡಿಸ್ಟಿಲ್ಡ್ ವಾಟರ್ ಕೇಳು. ಪರೀಕ್ಷೆಯಲ್ಲಿ ಕೇಳುವುದಕ್ಕೆ ಹೆದರಬೇಡ, ಅದು ನಿನ್ನ ಹಕ್ಕು. ಮನೆಯ ಆರ್‌ಓ ನೀರು ಇದರ ಬದಲಿಗೆ ಆಗುವುದಿಲ್ಲ, ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ.

ನಿಜವಾದ ಕ್ಲೋರೈಡ್ ಬಂದರೆ ಮಬ್ಬು ಅಲ್ಲ, ಹಾಲು ಒಡೆದ ಹಾಗೆ ಗಟ್ಟಿ ಗಟ್ಟಿಯಾಗಿ ಬೀಳುತ್ತದೆ. ಅಮೋನಿಯಂ ಹೈಡ್ರಾಕ್ಸೈಡ್ ಹಾಕಿದರೆ ಕರಗಿಹೋಗುತ್ತದೆ. ಅದೂ ಅಲ್ಲದೆ, ನೀರು ಹಾಕುವ ಮೊದಲೇ ಒಣ ಸಾಲ್ಟಿಗೆ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್ ಹಾಕಿ ನೋಡಿರುತ್ತೀಯಲ್ಲ? ಕ್ಲೋರೈಡ್ ಆದರೆ ಘಾಟಿನ ಗಾಳಿ ಬರುತ್ತದೆ, ಅಮೋನಿಯಾದಲ್ಲಿ ಅದ್ದಿದ ಗಾಜಿನ ಕಡ್ಡಿ ಹಿಡಿದರೆ ದಟ್ಟ ಬಿಳಿ ಹೊಗೆ. ನೈಟ್ರೇಟ್ ಆದರೆ ತಾಮ್ರದ ಚೂರು ಹಾಕಿ ಕಾಯಿಸಿದಾಗ ಕಂದು ಹೊಗೆ. ನಲ್ಲಿ ನೀರಿಗೂ ಈ ಪರೀಕ್ಷೆಗೂ ಸಂಬಂಧವೇ ಇಲ್ಲ. ಅಲ್ಲಿ ಕಂಡಿದ್ದೂ ಇಲ್ಲಿ ಕಂಡಿದ್ದೂ ಜಗಳ ಆಡುತ್ತಿದ್ದರೆ ಮುಂದೆ ಹೋಗಬೇಡ, ನಿಂತು ಯೋಚಿಸು. ನಿನ್ನ ಸರ್ ಬೈದಿದ್ದು ಬಹುಶಃ ಇದಕ್ಕೇ.

ಬ್ರೌನ್ ರಿಂಗ್ (ನೈಟ್ರೇಟ್ ಇದ್ದರೆ ಟ್ಯೂಬಿನಲ್ಲಿ ಮೂಡುವ ಕಂದು ಉಂಗುರ) ಬರುತ್ತಿಲ್ಲ ಅಂತ ಬೇರೆ ಇಬ್ಬರು ಬರೆದಿದ್ದಾರೆ, ಅವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಫೆರಸ್ ಸಲ್ಫೇಟ್ ದ್ರಾವಣ ಆಗತಾನೇ ಮಾಡಿದ್ದಾಗಿರಬೇಕು. ಬಾಟಲಿಯಲ್ಲಿ ಹಳೆಯದಾಗಿ ಹಳದಿಗೆ ತಿರುಗಿದ್ದರೆ ಪ್ರಯೋಜನ ಇಲ್ಲ. ಆಸಿಡ್ಡನ್ನು ಟ್ಯೂಬ್ ಓರೆ ಮಾಡಿ ಗೋಡೆಗುಂಟ ಇಳಿಸಬೇಕು, ಅಲ್ಲಾಡಿಸಬಾರದು. ಅಲ್ಲಾಡಿಸಿದರೆ ಉಂಗುರ ಎಲ್ಲಿಂದ ಬರಬೇಕು!

ಪ್ರಶ್ನೆ: ನನ್ನ ಮಗ ಕೋಚಿಂಗ್ ಜೊತೆ ಸೇರಿಸಿದ ಪಿಯು ಕಾಲೇಜಿನಲ್ಲಿ ಓದುತ್ತಿದ್ದಾನೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಎಂಸಿಕ್ಯೂ ಮಾಡುತ್ತಾನೆ, ಲ್ಯಾಬ್ ನೋಡಿದ್ದು ತೀರಾ ಕಡಿಮೆ. ರೆಕಾರ್ಡ್ ಮಾತ್ರ ಯಾರದೋ ನೋಡಿ ಬರೆದಿದ್ದಾನೆ. ಮನೆಯಲ್ಲೇ ಸಾಮಾನು ತಂದುಕೊಟ್ಟು ಅಭ್ಯಾಸ ಮಾಡಿಸಬಹುದಾ ಮೇಡಂ?
ಒಬ್ಬ ತಾಯಿ, ರಾಜಾಜಿನಗರ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಒಂದೊಂದು ವಿಜ್ಞಾನ ವಿಷಯದಲ್ಲೂ 100ಕ್ಕೆ 30 ಅಂಕ ಪ್ರಾಕ್ಟಿಕಲ್‌ನದು, ಸಣ್ಣ ಮಾತಲ್ಲ. ಮೊದಲ ಕೆಲಸ, ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರನ್ನು ನೋಡಿ. "ನನ್ನ ಮಗನಿಗೆ ಲ್ಯಾಬ್ ತೋರಿಸಿ" ಎಂದು ಕೇಳಿ. ಒಬ್ಬರೇ ಹೋದರೆ ಕಿವಿಗೆ ಹಾಕಿಕೊಳ್ಳದಿರಬಹುದು, ನಾಲ್ಕು ಜನ ತಂದೆತಾಯಿ ಒಟ್ಟಿಗೆ ಹೋಗಿ. ಫೀಸ್ ಕಟ್ಟಿರುವುದು ಲ್ಯಾಬಿಗೂ ಸೇರಿ.

ಮನೆಯಲ್ಲಿ ಆಸಿಡ್ ಇಡುವುದು ಮಾತ್ರ ಬೇಡ. ಯಾವ ಆಸಿಡ್ಡೂ ಬೇಡ, "ಸ್ವಲ್ಪ" ಕೂಡ ಬೇಡ. ಲ್ಯಾಬಿನಲ್ಲಿ ಗಾಳಿ ಹೊರಗೆ ಹೋಗುವ ವ್ಯವಸ್ಥೆ ಇರುತ್ತದೆ, ಪಕ್ಕದಲ್ಲಿ ಗೊತ್ತಿರುವವರು ಇರುತ್ತಾರೆ. ಅಡುಗೆಮನೆಯಲ್ಲಿ ಎರಡೂ ಇಲ್ಲ.

ಫಿಸಿಕ್ಸ್‌ಗೆ ಮನೆಯಲ್ಲಿ ದಾರಿ ಇದೆ. ಎಸ್‌ಪಿ ರೋಡಿನಲ್ಲಿ ಬ್ಯಾಟರಿ ಸೆಲ್, ರೆಸಿಸ್ಟರ್, ಸಣ್ಣ ಮಲ್ಟಿಮೀಟರ್, ವೈರ್ ಎಲ್ಲ ಸಿಗುತ್ತದೆ. ಸರ್ಕ್ಯೂಟ್ ಚಿತ್ರ ನೋಡಿ ತಾನೇ ಜೋಡಿಸಲಿ. ಆಮ್ಮೀಟರ್ ಸೀರೀಸ್‌ನಲ್ಲಿ, ವೋಲ್ಟ್‌ಮೀಟರ್ ಪ್ಯಾರಲಲ್‌ನಲ್ಲಿ ಎಂದು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಕೈಗೆ ವೈರ್ ಕೊಟ್ಟರೆ ತಡವರಿಸುತ್ತಾರೆ. ಒಂದು ಕಾನ್ವೆಕ್ಸ್ ಲೆನ್ಸ್ ಸಿಕ್ಕರೆ, ಕಿಟಕಿಯ ಆಚೆಯ ಮರವನ್ನು ಎದುರು ಗೋಡೆಯ ಮೇಲೆ ಮೂಡಿಸಿ, ಸ್ಪಷ್ಟವಾದಾಗ ಲೆನ್ಸಿನಿಂದ ಗೋಡೆಗೆ ಇರುವ ದೂರ ಅಳೆಯಲಿ. ಅದು ಹತ್ತಿರ ಹತ್ತಿರ ಫೋಕಲ್ ಲೆಂತ್. ಪರೀಕ್ಷೆಯಲ್ಲಿ ಲೆನ್ಸ್ ಕೈಗೆ ಬಂದ ತಕ್ಷಣ ಮಾಡಬೇಕಾದ ಮೊದಲ ಕೆಲಸವೂ ಇದೇ.

ಟೈಟ್ರೇಷನ್‌ಗೆ ಕೈ ಪಳಗಿಸಬೇಕೆಂದರೆ ಮೆಡಿಕಲ್ ಶಾಪಿನ ಸೂಜಿ ಇಲ್ಲದ 10 ಮಿಲಿ ಸಿರಿಂಜ್ ತನ್ನಿ. ಅಡುಗೆ ಸೋಡಾ ನೀರಿಗೆ ಕೆಂಪು ಎಲೆಕೋಸು ನೆನೆಸಿದ ನೀರು ಹಾಕಿದರೆ ನೀಲಿ ಹಸಿರು ಬಣ್ಣ ಬರುತ್ತದೆ. ಅದಕ್ಕೆ ಸಿರಿಂಜಿನಿಂದ ನಿಂಬೆರಸವನ್ನು ಹನಿ ಹನಿಯಾಗಿ ಬಿಟ್ಟು, ಬಣ್ಣ ಬದಲಾಗುವ ಜಾಗದಲ್ಲಿ ನಿಲ್ಲಿಸಲಿ. ಲೆಕ್ಕ ಮುಖ್ಯ ಅಲ್ಲ. ನಿಲ್ಲಿಸುವುದು ಕಲಿಯಬೇಕು.

ಓಲ್ಯಾಬ್ಸ್ ಎಂಬ ಆನ್‌ಲೈನ್ ಲ್ಯಾಬ್ ಇದೆ, ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ಮಾಡಿದ್ದು. ಯಾವುದಾದ ಮೇಲೆ ಯಾವುದು ಎಂಬ ಕ್ರಮ ನೆನಪಿಡಲು ಒಳ್ಳೆಯದು. ಆದರೆ ಸ್ಕ್ರೀನಿನ ಬ್ಯುರೆಟ್ಟಿಗೆ ಗಾಳಿಗುಳ್ಳೆಯ ಕಾಟ ಇರುವುದಿಲ್ಲ ನೋಡಿ. ಹಳೆಯ ಲ್ಯಾಬ್ ಮ್ಯಾನ್ಯುಯಲ್ ಬೇಕಿದ್ದರೆ ಅವೆನ್ಯೂ ರೋಡಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ಈಗಿನ ಸಿಲೆಬಸ್‌ನದೇ ಹೌದಾ ಎಂದು ನೋಡಿ ಕೊಳ್ಳಿ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಲಾ ಎಂದೂ ಕೇಳಿದ್ದೀರಿ. ಖಂಡಿತ ಹೋಗಿ, ಆದರೆ ಪರೀಕ್ಷೆ ಮುಗಿದ ಮೇಲೆ.

ನೋಡಿ ಬರೆದ ರೆಕಾರ್ಡ್ ಬಗ್ಗೆ ಒಂದು ಮಾತು. ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆಯಲ್ಲಿ) ನಾವು ಆ ರೆಕಾರ್ಡನ್ನೇ ತೆರೆದು, ಒಂದು ಪುಟಕ್ಕೆ ಬೆರಳಿಟ್ಟು, "ಇದು ಹೇಗೆ ಬಂತು ಹೇಳು" ಎಂದು ಕೇಳುತ್ತೇವೆ. ಆ ರೀಡಿಂಗ್ ತನ್ನದಲ್ಲ ಎಂಬುದು ಹುಡುಗನ ಮುಖದಲ್ಲೇ ಕಾಣುತ್ತದೆ. ಇರುವ ದಿನಗಳಲ್ಲಿ ಒಂದೊಂದು ಪ್ರಯೋಗವನ್ನೂ ಅವನು ನಿಮಗೆ ವಿವರಿಸಲಿ. ನಿಮಗೆ ವಿಜ್ಞಾನ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, "ಅದ್ಯಾಕೆ" ಎಂದು ಕೇಳುತ್ತಾ ಹೋಗಿ.

ಪ್ರಶ್ನೆ: ಸಿಂಪಲ್ ಪೆಂಡುಲಂನಲ್ಲಿ ನನಗೆ ಜಿ ಬೆಲೆ 9.72 ಬಂತು. 9.8 ಬರಬೇಕಲ್ವಾ? ನಮ್ಮ ಬ್ಯಾಚಿನಲ್ಲಿ ಎಲ್ಲರೂ ಟೈಮನ್ನು ಸ್ವಲ್ಪ ತಿದ್ದಿ 9.8 ಮಾಡಿಕೊಂಡರು.
ಪ್ರಥಮ ಪಿಯು ವಿದ್ಯಾರ್ಥಿ, ಬನಶಂಕರಿ

ಉತ್ತರ: ಈ ಪ್ರಶ್ನೆಯನ್ನು ಓದಿ ಹೇಳಿದಾಗ ನನ್ನ ಸಹೋದ್ಯೋಗಿ ನಡೆಯುವುದನ್ನೇ ನಿಲ್ಲಿಸಿದರು. "ತಿದ್ದಬೇಡ ಅನ್ನಿ ಆ ಹುಡುಗನಿಗೆ, ಅವನದೇ ಸರಿ ಇದೆ" ಅಂದರು. ಉಳಿದಿದ್ದು ಅವರ ಮಾತು, ನಾನು ಬರೆದುಕೊಂಡಿದ್ದು.

ಜಿ, ಅಂದರೆ ಗುರುತ್ವದಿಂದ ಬರುವ ವೇಗೋತ್ಕರ್ಷ, ಎಲ್ಲ ಕಡೆ ಒಂದೇ ಅಲ್ಲ. ಧ್ರುವಗಳಲ್ಲಿ ಸುಮಾರು 9.83, ಸಮಭಾಜಕದ ಹತ್ತಿರ 9.78. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿ. ಇಲ್ಲಿನ ಜಿ ಸುಮಾರು 9.78. ನಿನಗೆ 9.72 ಬಂದಿದೆ ಅಂದರೆ ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ದಾರ, ಗುಂಡು, ಸ್ಟಾಪ್‌ವಾಚ್ ಇಟ್ಟುಕೊಂಡು ಮಾಡಿದ ಪ್ರಯೋಗಕ್ಕೆ ಇದು ಬಹಳ ಚೆನ್ನಾದ ಫಲಿತಾಂಶ. ಬೆಲೆ ತಿದ್ದಿಕೊಂಡವರು ಎಷ್ಟು ಕಷ್ಟಪಟ್ಟು ಇಲ್ಲಿಗೆ ಸೇರದ ಅಂಕಿಗೆ ಹೋಗಿದ್ದಾರೆ ನೋಡು.

ಆ ಸ್ವಲ್ಪ ವ್ಯತ್ಯಾಸ ಎಲ್ಲಿಂದ ಬಂದಿರಬಹುದು? ಉದ್ದ ಅಳೆಯುವಾಗ ಗುಂಡಿನ ಕೇಂದ್ರದವರೆಗೆ ಅಳೆಯಬೇಕು. ದಾರ ಮಾತ್ರ ಅಳೆದು ಗುಂಡಿನ ತ್ರಿಜ್ಯ ಬಿಟ್ಟರೆ, 1 ಮೀಟರ್ ಉದ್ದದಲ್ಲಿ 1 ಸೆಂಟಿಮೀಟರ್ ಕಡಿಮೆಯಾಗಿ, ಜಿ ಕೂಡ ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಎಣಿಕೆಯ ತಪ್ಪು ಆಗಿದ್ದರೆ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಸ್ಟಾಪ್‌ವಾಚ್ ಒತ್ತುವಾಗ "ಸೊನ್ನೆ" ಅನ್ನಬೇಕು. "ಒಂದು" ಅಂತ ಶುರು ಮಾಡಿದರೆ 20 ಎಣಿಸುವಷ್ಟರಲ್ಲಿ 19 ಆಂದೋಲನ ಮಾತ್ರ ಆಗಿರುತ್ತದೆ, ಜಿ 10.8ಕ್ಕೆ ಹಾರುತ್ತದೆ. ಗುಂಡನ್ನು ಜಾಸ್ತಿ ಎಳೆದು ಬಿಡಬಾರದು. ತುದಿಯಲ್ಲಿ ಅಲ್ಲ, ನಡುವೆ ಹಾದುಹೋಗುವಾಗ ವಾಚ್ ಒತ್ತಬೇಕು, ಅಲ್ಲಿ ವೇಗ ಹೆಚ್ಚಿರುವುದರಿಂದ ಕ್ಷಣ ಖಚಿತವಾಗಿ ಸಿಗುತ್ತದೆ. ಫಲಿತಾಂಶದ ಕೆಳಗೆ ಇಂಥ ಒಂದು ಕಾರಣವನ್ನು ಬರೆ.

ಇದೇ ಥರ ಇನ್ನೊಂದು. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ. ಥರ್ಮಾಮೀಟರ್ 97 ತೋರಿಸುತ್ತಿದ್ದರೂ 100 ಅಂತ ಬರೆಯುವ ಮಕ್ಕಳಿದ್ದಾರೆ. ಥರ್ಮಾಮೀಟರ್ ಯಾಕೆ ಇಟ್ಟಿದ್ದು ಹಾಗಾದರೆ?

ಪ್ರಶ್ನೆ: ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಊರು ಚಿತ್ರದುರ್ಗದ ಹತ್ತಿರ, ಈಗ ಇಲ್ಲಿ ಹಾಸ್ಟೆಲ್. ಪ್ರಯೋಗ ಚೆನ್ನಾಗಿ ಮಾಡುತ್ತೇನೆ, ಆದರೆ ವೈವಾದಲ್ಲಿ ಇಂಗ್ಲಿಷ್ ಕೇಳಿದರೆ ಬಾಯಿ ಕಟ್ಟುತ್ತದೆ.
ವಿದ್ಯಾರ್ಥಿನಿ, ನಾಗರಭಾವಿ

ಉತ್ತರ: ಪ್ರಯೋಗ ಚೆನ್ನಾಗಿ ಮಾಡುತ್ತೀಯ ಅಂದಮೇಲೆ ಕಷ್ಟದ ಅರ್ಧ ಮುಗಿದಿದೆ. ಇಂಗ್ಲಿಷ್ ಮೀಡಿಯಂನವರೆಲ್ಲ ಪಟಪಟ ಉತ್ತರ ಕೊಡುತ್ತಾರೆ ಅಂದುಕೊಂಡಿದ್ದರೆ ನಮ್ಮ ಕುರ್ಚಿಯಲ್ಲಿ ಬಂದು ಕೂತು ನೋಡು. ಅಲ್ಲೂ ಬಾಯಿ ಕಟ್ಟುತ್ತದೆ!

"ಸರ್, ಕನ್ನಡದಲ್ಲಿ ಹೇಳಲಾ?" ಎಂದು ಕೇಳಿಬಿಡು. ನಾನು ಎಕ್ಸ್‌ಟರ್ನಲ್ (ಹೊರಗಿನಿಂದ ಬರುವ ಪರೀಕ್ಷಕಿ) ಆಗಿ ಹೋದ ಕಡೆಯೆಲ್ಲ ಹೀಗೆ ಕೇಳಿದ ಮಕ್ಕಳಿಗೆ ಹೂಂ ಅಂದಿದ್ದೇನೆ, ನನ್ನ ಜೊತೆಗಿದ್ದವರೂ ಅಂದಿದ್ದಾರೆ. ಬೇಡ ಎನ್ನುವವರು ಸಿಕ್ಕರೂ ಪರವಾಗಿಲ್ಲ, ಪೂರ್ತಿ ವಾಕ್ಯ ಬೇಕಿಲ್ಲ. ಎಂಡ್ ಪಾಯಿಂಟ್, ಇಂಡಿಕೇಟರ್, ಆಕ್ಸಿಡೇಷನ್ ಇಂಥ ಪದಗಳು ನಿನಗೆ ಈಗಾಗಲೇ ಬಾಯಿಗೆ ಬಂದಿವೆ, ಅವುಗಳ ನಡುವೆ ನಾಲ್ಕು ಸಣ್ಣ ಮಾತು ಸೇರಿಸಿದರೆ ಆಯಿತು.

ಏನು ಕೇಳುತ್ತಾರೆ ಎಂಬ ಭಯ ಇದೆಯಲ್ಲ, ಅದಕ್ಕೆ ಮದ್ದು ನಿನ್ನ ಟೇಬಲ್ ಮೇಲೇ ಇದೆ. ಎದುರಿಗಿರುವ ವಸ್ತುಗಳಿಂದಲೇ ಪ್ರಶ್ನೆ ಶುರುವಾಗುತ್ತದೆ. ಈ ಟೈಟ್ರೇಷನ್‌ಗೆ ಬೇರೆ ಇಂಡಿಕೇಟರ್ ಯಾಕೆ ಹಾಕಲಿಲ್ಲ? ಪರ್ಮಾಂಗನೇಟ್ ಬಣ್ಣವೇ ಸೂಚಕ. ಹೈಡ್ರೋಕ್ಲೋರಿಕ್ ಆಸಿಡ್ ಯಾಕೆ ಬೇಡ? ಪರ್ಮಾಂಗನೇಟ್ ಅದನ್ನೂ ಕ್ಲೋರಿನ್ ಮಾಡಿಬಿಡುತ್ತದೆ, ಲೆಕ್ಕ ಜಾಸ್ತಿ ಬರುತ್ತದೆ. ನೈಟ್ರಿಕ್ ಆಸಿಡ್? ಅದೇ ಒಂದು ಆಕ್ಸಿಡೈಸಿಂಗ್ ಏಜೆಂಟ್. ಮೂರನೇ ಗುಂಪಿನಲ್ಲಿ ಅಮೋನಿಯಂ ಕ್ಲೋರೈಡ್ ಮೊದಲು ಹಾಕುವುದು ಯಾಕೆ? ಹೈಡ್ರಾಕ್ಸೈಡ್ ಅಯಾನು ಕಡಿಮೆ ಇದ್ದರೆ ಮುಂದಿನ ಗುಂಪಿನವು ಇಲ್ಲೇ ಬೀಳುವುದಿಲ್ಲ. ಮೀಟರ್ ಬ್ರಿಡ್ಜ್‌ನಲ್ಲಿ (ರೆಸಿಸ್ಟೆನ್ಸ್ ಅಳೆಯುವ ಸಾಧನ) ಬ್ಯಾಲೆನ್ಸ್ ಪಾಯಿಂಟ್ ತಂತಿಯ ನಡುವೆ ಇರಲಿ ಅನ್ನುವುದು ಯಾಕೆ? ಅಲ್ಲಿ ತಪ್ಪಿನ ಪಾಲು ಕಡಿಮೆ.

ಸಂಜೆ ಹಾಸ್ಟೆಲಿನಲ್ಲಿ ಗೆಳತಿಯರು ಒಬ್ಬರಿಗೊಬ್ಬರು ಬರೀ "ಯಾಕೆ" ಪ್ರಶ್ನೆ ಕೇಳಿಕೊಳ್ಳಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಮೇಡಂ" ಅನ್ನು, ನಾವು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಬಾಯಿಗೆ ಬಂದಿದ್ದು ಹೇಳಿದರೆ ಅಲ್ಲೇ ಕೂತು ಕೆದಕುತ್ತೇವೆ. ಅದು ಮೇಷ್ಟ್ರುಗಳ ಚಟ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿಗೂ ಲ್ಯಾಬ್ ಪರೀಕ್ಷೆ ಇದೆಯಾ?
ಹತ್ತನೇ ತರಗತಿ, ಯಶವಂತಪುರ

ಉತ್ತರ: ರಾಜ್ಯ ಪಠ್ಯಕ್ರಮದಲ್ಲಿ ಪಿಯು ಥರ ಬೇರೆ ದಿನ ಲ್ಯಾಬ್ ಪರೀಕ್ಷೆ ಇಲ್ಲ. 80 ಅಂಕ ಬರೆಯುವ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಆದರೆ ಬರೆಯುವ ಪ್ರಶ್ನೆಪತ್ರಿಕೆಯಲ್ಲೂ ಪ್ರಯೋಗದ ಪ್ರಶ್ನೆ ಬರುತ್ತದೆ. ಎಲೆಯಲ್ಲಿ ಪಿಷ್ಟ ಇದೆಯೇ ಎಂದು ನೋಡುವ ಪ್ರಯೋಗದಲ್ಲಿ ಆಲ್ಕೋಹಾಲನ್ನು ನೇರ ಉರಿಯ ಮೇಲೆ ಇಡದೆ ಬಿಸಿನೀರಿನಲ್ಲಿ ಇಡುವುದು ಯಾಕೆ? ಆಲ್ಕೋಹಾಲಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಮಾಡಿ ನೋಡಿದವರು ಇದನ್ನು ಮರೆಯುವುದಿಲ್ಲ. ನಿಮ್ಮ ಶಾಲೆಯಲ್ಲಿ ಮಾಡಿ ತೋರಿಸಿಲ್ಲ ಅಂದರೆ ತೋರಿಸಿ ಎಂದು ಕೇಳು.

ಪ್ರಶ್ನೆ: ಬಯಾಲಜಿ ಚಿತ್ರಕ್ಕೆ ಬಣ್ಣ ಹಾಕಬೇಕಾ? ನನಗೆ ಚಿತ್ರ ಬರೆಯಲು ಬರುವುದಿಲ್ಲ.
ವಿದ್ಯಾರ್ಥಿ, ಕೆಂಗೇರಿ

ಉತ್ತರ: ಬೇಡ. ಪೆನ್ಸಿಲ್ ಸಾಕು, ಗೆರೆ ಒಂದೇ ಇರಲಿ, ಲೇಬಲ್ ಸರಿಯಾಗಿರಲಿ. ಅಂದದ ಚಿತ್ರ ಯಾರೂ ಕೇಳುತ್ತಿಲ್ಲ. ಈರುಳ್ಳಿ ಬೇರಿನ ತುದಿಯ ಸ್ಲೈಡಿನಲ್ಲಿ ಕೋಶ ವಿಭಜನೆಯ ಒಂದೇ ಹಂತ ಕಾಣಿಸಿದರೆ ಆ ಒಂದನ್ನೇ ಬರೆ. ಪುಸ್ತಕದ ನಾಲ್ಕೂ ಹಂತಗಳನ್ನು ಬರೆದವನ ಮೈಕ್ರೋಸ್ಕೋಪಿಗೆ ನಾವು ಕಣ್ಣಿಟ್ಟು ನೋಡುತ್ತೇವೆ.

ಪ್ರಶ್ನೆ: ಪರ್ಮಾಂಗನೇಟ್ ಬಿದ್ದು ಬಿಳಿ ಲ್ಯಾಬ್ ಕೋಟ್ ಮೇಲೆ ಕಂದು ಕಲೆ ಆಗಿದೆ, ಬೆರಳೂ ಕಂದು. ಸೋಪಿನಲ್ಲಿ ಹೋಗುತ್ತಿಲ್ಲ. ಅಮ್ಮ ಬೈಯುತ್ತಿದ್ದಾರೆ.
ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಸೋಪಿನಲ್ಲಿ ಹೋಗುವುದಿಲ್ಲ. ಅದೂ ಮೊದಲ ಉತ್ತರದಲ್ಲಿ ಹೇಳಿದ ಮ್ಯಾಂಗನೀಸ್ ಡೈಆಕ್ಸೈಡೇ. ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ತೊಳೆ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಉಜ್ಜು. ಬೆರಳಿನ ಮೇಲಿರುವುದು ಕಪ್ಪು ಕಲೆಯಾಗಿದ್ದರೆ ಅದು ಸಿಲ್ವರ್ ನೈಟ್ರೇಟ್‌ನದು, ಅದಕ್ಕೆ ನಿಂಬೆ ನಡೆಯುವುದಿಲ್ಲ. ಚರ್ಮದ ಮೇಲ್ಪದರ ಉದುರುವವರೆಗೆ ಕೆಲವು ದಿನ ಹಾಗೇ ಇರುತ್ತದೆ, ಅಮ್ಮನಿಗೆ ಹೇಳು.